ಪುಟಪ್ ಮಾಡು!

ಮಿಕ್ಸಿ ಜಾರು ಸೋರುತ್ತೆ, ಹೊಸದು ತರಬೇಕು ಅಂತ ಹೆಂಡತಿ ಹೇಳಿದರೆ ಬೇರೆ ಗಂಡಂದಿರು ‘ಹ್ಞೂಂ’ ಅನ್ನುತ್ತಾರೆ, ಇಲ್ಲವೇ ‘ಮುಂದಿನ ತಿಂಗಳು ನೋಡೋಣ’ ಅಂತ ತಳ್ಳಿಹಾಕುತ್ತಾರೆ. ನಾನು ‘ಪುಟಪ್ ಮಾಡು’ ಅನ್ನುತ್ತೇನೆ. ತಾಲ್ಲೂಕು ಕಚೇರಿಯ ಶಿರಸ್ತೇದಾರನಾಗಿದ್ದವನು ನಾನು. ನಿವೃತ್ತಿಯಾಗಿದ್ದು ನನಗೆ, ನಾಲಿಗೆಗಲ್ಲ.

ಇಂಗ್ಲಿಷರ ನಾಡಿನಲ್ಲಿ ಬೇಲಿ ಹಾಕುವುದೂ ಪುಟಪ್, ನೆಂಟರಿಗೆ ರಾತ್ರಿ ತಂಗಲು ಜಾಗ ಕೊಡುವುದೂ ಪುಟಪ್. ಬಾಲಕ್ಕೊಂದು ‘ವಿತ್’ ಸಿಕ್ಕಿಸಿದರೆ ಸಹಿಸಿಕೊಳ್ಳುವುದು. ನಮ್ಮ ಕಚೇರಿಗಳಲ್ಲಿ ಅದು ಕಡತದ ಕೆಲಸ: ಟಿಪ್ಪಣಿ ಬರೆದು, ಹಿಂದಿನ ಕಾಗದಗಳನ್ನು ಟ್ಯಾಗಿಗೆ ಪೋಣಿಸಿ, ಮೇಲಿನವರ ಮೇಜಿಗೆ ಸಾಗಿಸುವುದು. 1963ರ ರಾಜಭಾಷಾ ಅಧಿನಿಯಮದ ಪುಣ್ಯ, ಹಾಳೆಯ ಮೇಲೆ ‘ಆದೇಶಕ್ಕಾಗಿ ಮಂಡಿಸಿದೆ’ ಅಂತಲೇ ಬರೆಯುತ್ತಿದ್ದೆವು. ಬಾಯಲ್ಲಿ ಮಾತ್ರ ಪುಟಪ್ಪೇ. ಅದರ ಮಹಿಮೆಯೇ ಅಂಥದ್ದು: ಅಂದ ತಕ್ಷಣ ಕೆಲಸ ಎದುರಿನವರ ತಲೆಗೆ, ಕಾಫಿ ನಮ್ಮ ಕೈಗೆ.

ಇಷ್ಟು ವರ್ಷ ಕೇಳಿಸಿಕೊಂಡವಳು ಕಲಿಯದಿರುತ್ತಾಳೆಯೇ? ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಎಡಕ್ಕೆ ಮಾರ್ಜಿನ್ ಬಿಟ್ಟು, ಕಂಡಿಕೆ ಸಂಖ್ಯೆ ಹಾಕಿ ಬರೆದೇ ಬಿಟ್ಟಳು: ‘1. ದೊಡ್ಡ ಜಾರಿನ ತಳ ಸೋರುತ್ತಿದೆ. 2. ಚಟ್ನಿಯು ಬಟ್ಟಲಿಗೂ ಕಟ್ಟೆಗೂ ಸಮಪಾಲಾಗಿ ಬೀಳುತ್ತಿದೆ. 3. ಆದೇಶಕ್ಕಾಗಿ ಮಂಡಿಸಿದೆ.’ ನಾನು ಹಸಿರು ಪೆನ್ನು ತೆಗೆದು ‘ಚರ್ಚಿಸಿ’ ಅಂತ ಷರಾ ಹಾಕಿದೆ. (ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳದ್ದು ಅನ್ನುವುದು ಕಚೇರಿ ರೂಢಿ. ಸೇವೆಯುದ್ದಕ್ಕೂ ನನಗೆ ದಕ್ಕಿದ್ದು ನೀಲಿ. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ಅಂಗಡಿಗೆ ಹೋಗಿ ಹಸಿರು ಪೆನ್ನು ಕೊಂಡುಬಂದಿದ್ದೆ.)

‘ಚರ್ಚಿಸಿ’ ಅಂದರೆ ಕೆಲಸ ಸದ್ಯಕ್ಕೆ ಆಗುವುದಿಲ್ಲ ಅಂತ. ಅದೂ ಅವಳಿಗೆ ಗೊತ್ತು.

‘ರೀ, ಸಕಾಲದಲ್ಲಿ ಅರ್ಜಿ ತಡವಾದ್ರೆ ದಿನಕ್ಕೆ 20 ರೂಪಾಯಿ, 500ರ ತನಕ ನೌಕರರ ಸಂಬಳದಲ್ಲಿ ಹಿಡೀತಾರೆ ಅಂದಿದ್ರಲ್ಲ. ಪಿಂಚಣೀಲೂ ಹಿಡೀಬಹುದಾ?’

2011ರ ಆ ‘ಸಕಾಲ’ ಕಾಯ್ದೆಯನ್ನು ಅವಳಿಗೆ ಕಲಂವಾರು ವಿವರಿಸಿದ್ದವನು ನಾನೇ, ಊಟದ ಹೊತ್ತಿನಲ್ಲಿ, ಜಂಬದಿಂದ. ‘ನಿಯಮ ನೋಡಿ ಹೇಳ್ತೀನಿ’ ಅಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ.

ಮರುದಿನ ಸಂಜೆ ವಾಕಿಂಗ್ ಮುಗಿಸಿ ಬಂದರೆ ಅಡುಗೆಮನೆಯಲ್ಲಿ ಬರೀ ಜಾರಲ್ಲ, ಇಡೀ ಹೊಸ ಮಿಕ್ಸಿಯೇ ಗರ್ ಅನ್ನುತ್ತಿದೆ. ಡಬ್ಬದ ಮೇಲೆ ಬಿಲ್ಲು, ಬಿಲ್ಲಿಗೆ ಗುಂಡುಸೂಜಿ ಚುಚ್ಚಿದ ಚೀಟಿ: ‘ಘಟನೋತ್ತರ ಮಂಜೂರಾತಿಗಾಗಿ ಮಂಡಿಸಿದೆ.’

ಮಂಜೂರು ಮಾಡಿದೆ. ಎಟಿಎಂ ಕಾರ್ಡು ಮೊದಲಿನಿಂದಲೂ ಅವಳ ಪರ್ಸಿನಲ್ಲೇ ಇರುತ್ತದೆ.