ಮನಸ್ಸು ಕೆಡುವುದಿದ್ದರೆ ಮಂಗಳವಾರ ಕೆಡಲಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಮಹಾಜನರಲ್ಲಿ ಒಂದು ವಿನಂತಿ. ತಲೆ ಕೆಡುವುದಿದ್ದರೆ ದಯವಿಟ್ಟು ಮಂಗಳವಾರ ಕೆಡಿಸಿಕೊಳ್ಳಿ. ಅದೂ ಬೆಳಿಗ್ಗೆ, ಚೀಟಿ ಕೊಡುವ ಕಿಂಡಿ ಮುಚ್ಚುವುದರೊಳಗೆ. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಯೋಜನೆ ತಂದು, ಮಂಗಳವಾರದಂದು ಮನೋವೈದ್ಯರನ್ನೇ ತಾಲ್ಲೂಕು ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿತು. ಒಳ್ಳೆಯ ಕೆಲಸ. ಬಸ್ಸು ಹೆಂಗಸರಿಗೆ ಫ್ರೀ ಆದರೂ ಮನೋವೈದ್ಯರನ್ನು ಹುಡುಕಿ ರಾಯಚೂರಿಗೆ ಹೋದ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ನನ್ನ ತಕರಾರು ಇರುವುದು ಕಾಯಿಲೆಯ ಮೇಲೆ. ಅದು ಬುಧವಾರ ನಡುರಾತ್ರಿ ಬರುತ್ತದೆ, ನಾಟಿ ಹಂಗಾಮಿನಲ್ಲಿ ಬರುತ್ತದೆ, ಮುದಗಲ್ಲಿನ ಮೊಹರಂ ರಜೆಯಲ್ಲೂ ಬರುತ್ತದೆ. ಸುತ್ತೋಲೆ ಓದುವ ಅಭ್ಯಾಸ ಅದಕ್ಕಿಲ್ಲ.

ಮಂಗಳವಾರ ತಪ್ಪಿದರೆ ಅದೂ ಒಂದು ಆಸ್ಪತ್ರೆಯ ಅವಘಡವೇ. ಅವಘಡ ಅಂದರೆ ಏನೆಂದು ಸಿಂಧನೂರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಅಕ್ಟೋಬರಿನಲ್ಲಿ ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾದ ನಾಲ್ವರು ಬಾಣಂತಿಯರು ತೀರಿಕೊಂಡರು. ಮುಂದಿನ ತಿಂಗಳು ಬಳ್ಳಾರಿಯ ಬಾಣಂತಿಯರ ಸಾವುಗಳು ರಾಜ್ಯದ ಸುದ್ದಿಯಾದ ಮೇಲೆಯೇ ಸಿಂಧನೂರಿನ ಸಾವುಗಳೂ ಸುದ್ದಿಯಾದವು. ಐವಿ ದ್ರಾವಣದ ಮೇಲೆ ಅನುಮಾನ ಬಿತ್ತು, ಬಾಟಲಿಗೆ ಬ್ಯಾಚ್ ನಂಬರ್ ಇತ್ತು, ಬೆರಳು ತೋರಿಸಲು ಒಂದು ವಸ್ತು ಸಿಕ್ಕಿತು.

ಮನಸ್ಸಿಗೆ ಬ್ಯಾಚ್ ನಂಬರ್ ಇಲ್ಲ. ಹಾಗಾಗಿ ಮನಸ್ಸಿನ ಕಾಯಿಲೆಯವನು ಸತ್ತರೆ ಅದು ಅವಘಡದ ಲೆಕ್ಕಕ್ಕೇ ಬರುವುದಿಲ್ಲ. ವಾರ್ಡಿನೊಳಗೆ ಸತ್ತಿಲ್ಲವಲ್ಲ! ಠಾಣೆಯಲ್ಲಿ ಅಸ್ವಾಭಾವಿಕ ಮರಣ ಎಂದು ದಾಖಲಾಗುತ್ತದೆ. ಕಾರಣ ಬರೆಯಲು ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಸಿದ್ಧ ವಾಕ್ಯಗಳಿವೆ. ಹೋದ ತಿಂಗಳು ಗುಳಿಗೆಗೆ ಬಂದಿದ್ದನೇ, ಬರದಿದ್ದರೆ ಯಾರಾದರೂ ವಿಚಾರಿಸಿದರೇ? ಆ ಕಾಲಮ್ಮೇ ಇಲ್ಲ. ಹೊಟ್ಟೆನೋವಿಗೆ ಮಾನಸಿಕ ಆರೋಗ್ಯದವರನ್ನು ಕೇಳಿದರೆ ಅವರಾದರೂ ಏನು ಹೇಳಿಯಾರು?

ಲೆಕ್ಕಕ್ಕೆ ಬರಬೇಕಾದರೆ ಎರವಾಡಿಯೇ ಆಗಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ಊರಿನಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಮನೋರೋಗಿಗಳು ಸತ್ತರು. ಸುಪ್ರೀಂ ಕೋರ್ಟ್ ತಾನಾಗಿ ಎದ್ದು ಕೂತಿತು. ಸರಪಳಿ ಬಿಗಿಯಬಾರದೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಬರೆದುಕೊಳ್ಳಲು 2017 ಆಯಿತು. ಹದಿನಾರು ವರ್ಷ! ಕಡತಕ್ಕೆ ಮಾತ್ರ ಯಾವತ್ತೂ ಖಿನ್ನತೆ ಬರುವುದಿಲ್ಲ.

ಹಾಗಂತ ನಾವು ಹಿಂದುಳಿದವರಲ್ಲ. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಮನೋರೋಗಕ್ಕೆ ಔಷಧಿ ಕೊಡಬಹುದೆಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತೋರಿಸಿದ್ದು ಅಲ್ಲೇ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶವೆಲ್ಲ ಅದನ್ನೇ ‘ಬಳ್ಳಾರಿ ಮಾದರಿ’ ಎಂದು ಹಿಡಿಯಿತು. ದಿಲ್ಲಿ ಮುಟ್ಟಿದ ಮಾದರಿಗೆ ಹೊಳೆ ದಾಟುವುದೊಂದು ಕಷ್ಟ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದಾಗ, ಆ ಹನ್ನೆರಡರಲ್ಲಿ ಕರ್ನಾಟಕವೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದಕ್ಕೆ ಇನ್ನು ಸಾಕ್ಷಿ ಬೇಕೆ?

ಈಗ ಯಾವುದೇ ಆಸ್ಪತ್ರೆಯ ಯಾವುದೇ ಮಂಗಳವಾರವನ್ನು ಊಹಿಸಿಕೊಳ್ಳಿ. ಮಸ್ಕಿ ಕಡೆಯ ಒಬ್ಬ ತಾಯಿ ಹಳೇ ಚೀಟಿ ಹಿಡಿದು ಕಿಂಡಿಯ ಮುಂದೆ ನಿಂತಿದ್ದಾಳೆ.

“ರೋಗಿ ಎಲ್ಲಿ ಯವ್ವಾ?”

“ಬೆಂಗ್ಳೂರಿಗೆ ಗುಳೆ ಹೋಗ್ಯಾನ್ರಿ. ಗುಳಿಗಿ ಮುಗದಾವಂತ ಫೋನ್ ಮಾಡಿದ್ದ.”

“ಅವನ್ನ ನೋಡ್ಲಾರ್ದ ಹೆಂಗ ಕೊಡ್ಲಿ? ಮುಂದಿನ ಸಲ ಕರ್ಕೊಂಡ್ ಬಾ.”

“ಬಂದ್ರ ಅವನ ಕೂಲಿ ಯಾರ್ ಕೊಡ್ತಾರ್ರಿ ಸಾಹೇಬ್ರ?”

ಇಬ್ಬರದೂ ಸರಿ. ರೋಗಿಯನ್ನು ನೋಡದೆ ಔಷಧಿ ಮುಂದುವರಿಸುವುದು ಅಪಾಯ. ಲಿಥಿಯಂ ಎಂಬ ಮನೋರೋಗದ ಗುಳಿಗೆ ತೆಗೆದುಕೊಳ್ಳುವವನಿಗೆ ಆಗಾಗ ರಕ್ತಪರೀಕ್ಷೆ ಆಗಲೇಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರು ಹರಿಸಿ ದುಡಿದು ಮೈಯಲ್ಲಿ ನೀರು ಬತ್ತಿದರೆ, ದಿನವೂ ನುಂಗುವ ಅದೇ ಗುಳಿಗೆ ರಕ್ತದಲ್ಲಿ ಏರಿ ವಿಷವಾಗಬಹುದು. ಔಷಧಿಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಹೀಗೆ ನಿಯಮ ಪಾಲನೆಯಾಯಿತು, ಗುಳಿಗೆ ನಿಂತಿತು. ನಿಮ್ಹಾನ್ಸ್ ಇರುವ ಊರಿನಲ್ಲೇ ಆ ಹುಡುಗ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದಾನೆ. ಅವನ ಚೀಟಿ ಮಾತ್ರ ಇಲ್ಲಿದೆ. ಅವಘಡ ಆಗಿದ್ದು ಈ ಕಿಂಡಿಯ ಮುಂದೆ, ಈ ಮಂಗಳವಾರ. ಸುದ್ದಿಯಾಗುವುದಾದರೆ ಇನ್ನೆರಡು ತಿಂಗಳಿಗೆ, ಬೇರೆ ಠಾಣೆಯ ವ್ಯಾಪ್ತಿಯಲ್ಲಿ.

ಇಂಗ್ಲೆಂಡಿನಲ್ಲಿ 1996ರಿಂದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡವೊಂದು ಇದನ್ನೇ ಕೆದಕುತ್ತಾ ಕೂತಿದೆ: ಚಿಕಿತ್ಸೆಯಲ್ಲಿದ್ದವರು ಆತ್ಮಹತ್ಯೆ ಮಾಡಿಕೊಂಡರೆ, ಕೊನೆಯ ಬಾರಿ ಯಾರು ನೋಡಿದ್ದರು, ಎಲ್ಲಿ ಕೈತಪ್ಪಿತು? ಡಿಸ್ಚಾರ್ಜ್ ಆದ ಮೊದಲ ದಿನಗಳೇ ಹೆಚ್ಚು ಅಪಾಯದವು ಎಂದು ಗೊತ್ತಾದ ಮೇಲೆ, ಮೂರು ದಿನದೊಳಗೆ ರೋಗಿಯನ್ನು ಮಾತಾಡಿಸಿ ಎಂಬ ನಿಯಮ ಅಲ್ಲಿ ಬಂತು. ನಮ್ಮಲ್ಲಿ ರೋಗಿಯೇ ಸರ್ಕಾರಕ್ಕೆ ಫೋನು ಮಾಡುವ ಏರ್ಪಾಡಿದೆ: ಟೆಲಿ ಮಾನಸ್, 14416, ಹಗಲೂ ರಾತ್ರಿ, ಕನ್ನಡದಲ್ಲೇ. ಮನಸ್ಸು ಭಾರವಾದವರು ಮಾಡಿ, ಇದು ವ್ಯಂಗ್ಯವಲ್ಲ. ಇನ್ನು ಬೇಕಿರುವುದು ಸರ್ಕಾರ ರೋಗಿಗೆ ಫೋನು ಮಾಡುವ ಏರ್ಪಾಡು.

ಅದಕ್ಕೆ ಏಮ್ಸ್ ಆಸ್ಪತ್ರೆ ಬರುವತನಕ ಕಾಯಬೇಕಿಲ್ಲ. ಏಮ್ಸ್‌ಗಾಗಿ ರಾಯಚೂರು 2022ರಲ್ಲೇ ಧರಣಿ ಕೂತಿತು, ಬರಲಿ, ಸಂತೋಷ. ಅಲ್ಲಿಯತನಕ ಪ್ರತಿ ಬುಧವಾರ ಬೆಳಿಗ್ಗೆ ವಹಿ ತೆಗೆದು, ನಿನ್ನೆ ಬರಬೇಕಾಗಿ ಬಾರದವರಿಗೆ ಫೋನು ಹಚ್ಚಿದರೆ ಸಾಕು. ಎತ್ತದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಬೇಕು, ಹೋದದ್ದಕ್ಕೆ ಆಕೆಗೆ ದುಡ್ಡು ಸಿಗಬೇಕು. ಲಿಂಗಸುಗೂರಿನ ಚೀಟಿ ಬೆಂಗಳೂರಿನ ಸರ್ಕಾರಿ ಕಿಂಡಿಯಲ್ಲೂ ನಡೆಯಬೇಕು.

ತೊಂದರೆ ಒಂದೇ, ಫೋನು ಕರೆಗೆ ಅಡಿಗಲ್ಲು ಹಾಕಲು ಬರುವುದಿಲ್ಲ. ಕಲ್ಲಿನ ಮಹಿಮೆ ಮಸ್ಕಿಯವರಿಗೆ ಗೊತ್ತು. ಅಶೋಕ ತನ್ನ ಹೆಸರಿರುವ ಶಾಸನವನ್ನು ಮಸ್ಕಿಗೆ ಕೊಟ್ಟ. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆ ಎಂಬ ಶಾಸನವನ್ನು ಗಿರ್ನಾರ್, ಎರ್ರಗುಡಿ ಕಡೆ ಕೆತ್ತಿಸಿದ. ಹೆಸರು ನಮಗೆ, ಚಿಕಿತ್ಸೆ ಬೇರೆಯವರಿಗೆ. ಹಂಚಿಕೆಯ ಪದ್ಧತಿ ಇನ್ನೂ ಬದಲಾಗಿಲ್ಲ. ಆದ್ದರಿಂದ ನನ್ನದೊಂದು ಸಲಹೆ: ಬಾರದವರನ್ನು ವಿಚಾರಿಸುವ ಈ ಕೆಲಸಕ್ಕೆ ಉದ್ದದೊಂದು ಹೆಸರಿಟ್ಟು, ಫೋನೊಂದಕ್ಕೆ ಒಂದು ಕೋಟಿ ಎಂದು ಟೆಂಡರ್ ಕರೆಯಿರಿ. ಬುಧವಾರದವರೆಗೆ ಕಾಯುವುದೇ ಬೇಡ, ಇವತ್ತು ಸಂಜೆಯೇ ಫೋನು ರಿಂಗಾಗುತ್ತದೆ.