ಕಲ್ಲುಬೆಂಚಿನ ನ್ಯಾಯಪೀಠ

ಮೈಸೂರಿನ ಹಳೆಯ ಬಡಾವಣೆ ಎಂದ ಮೇಲೆ ಒಂದು ಪಾರ್ಕು, ಪಾರ್ಕು ಎಂದ ಮೇಲೆ ಒಂದು ಕಲ್ಲುಬೆಂಚು, ಕಲ್ಲುಬೆಂಚು ಎಂದ ಮೇಲೆ ಅದರ ಮೇಲೆ ಕಾಲು ಮಡಿಸಿ ಕೂತ ಒಬ್ಬರು ರಾಯರು ಇದ್ದೇ ಇರುತ್ತಾರೆ. ನಮ್ಮ ರಾಯರು ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಕಾನೂನು ಓದಿದವರಲ್ಲ, ಕೋರ್ಟಿನ ಒಳಗೆ ಕಾಲಿಟ್ಟವರೂ ಅಲ್ಲ. ಹಾಗಾಗಿಯೇ ತೀರ್ಪು ಕೊಡುವಾಗ ಅವರಿಗೆ ಯಾವ ಅಡ್ಡಿಯೂ ಇರುವುದಿಲ್ಲ.

ಪತ್ರಿಕೆಯನ್ನು ಅವರು ಹಿಂದಿನಿಂದ ಓದುತ್ತಾರೆ, ಆಟದ ಪುಟದಿಂದ. ಆಟಗಾರನೊಬ್ಬ ಆ ಪುಟ ಬಿಟ್ಟು ಮುಖಪುಟಕ್ಕೆ ಬಂದಿದ್ದಾನೆ ಎಂದರೆ ಒಂದೋ ದೇಶಕ್ಕೆ ಕಪ್ಪು ಬಂದಿರಬೇಕು, ಇಲ್ಲವೇ ಅವನ ಮನೆಗೆ ಪೊಲೀಸರು ಬಂದಿರಬೇಕು. ಎರಡನೆಯದಾದರೆ ಆ ದಿನ ವಾಕಿಂಗ್ ರದ್ದು, ಕಲಾಪ ಶುರು. ಎಫ್‌ಐಆರ್‌ನಿಂದ ಶಿಕ್ಷೆಯವರೆಗಿನ ಅಷ್ಟೂ ಕೆಲಸವನ್ನು ರಾಯರು ಕಾಫಿ ಬರುವುದರೊಳಗೆ ಮುಗಿಸಿಬಿಡುತ್ತಾರೆ.

ಅವರ ದಂಡಸಂಹಿತೆಯಲ್ಲಿ ಇರುವುದು ಒಂದೇ ಕಲಂ: ಆರೋಪಿ ನಮಗೆ ಎಷ್ಟು ಮ್ಯಾಚು ಗೆಲ್ಲಿಸಿದ್ದಾನೆ? ಅಜರುದ್ದೀನ್ ಅವರನ್ನೇ ನೋಡಿ. ಮೊದಲ ಮೂರು ಟೆಸ್ಟುಗಳಲ್ಲಿ ಮೂರು ಶತಕ. 2000ದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕದ ಎದುರು ಆಡಿದ ಕೊನೆಯ ಟೆಸ್ಟಿನಲ್ಲೂ 102. ಆ ಡಿಸೆಂಬರ್‌ನಲ್ಲಿ ಬಿಸಿಸಿಐ ಅವರಿಗೆ ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ ಆಜೀವ ನಿಷೇಧ ಹಾಕಿದಾಗ ರಾಯರು ಕಣ್ಣೊರೆಸಿಕೊಂಡು ಹೇಳಿದ್ದು: “99 ಟೆಸ್ಟಿಗೇ ನಿಂತುಹೋಯ್ತಲ್ರೀ! ಇನ್ನೊಂದು ಆಡಿದ್ದಿದ್ದರೆ ನೂರು. ಇದಕ್ಕಿಂತ ಶಿಕ್ಷೆ ಬೇಕಾ ಮನುಷ್ಯನಿಗೆ?” ಅದೇ ಬೆಂಗಳೂರು ಟೆಸ್ಟಿನಲ್ಲಿ ಎದುರು ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ. ಆ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಫಿಕ್ಸಿಂಗ್‌ನಲ್ಲಿ ಅವರ ಹೆಸರು ಹೇಳಿದಾಗ ರಾಯರು ಕೆರಳಿದರು: “ಅಂಥ ದೇವರಂಥ ಮನುಷ್ಯನ ಮೇಲೆ! ನಮ್ಮ ಪೊಲೀಸರಿಗೆ ಬೇರೆ ಕೆಲಸ ಇಲ್ವಾ?” ನಾಲ್ಕು ದಿನ ಕಳೆಯುವುದರೊಳಗೆ ಕ್ರೋನಿಯೆಯೇ ತಪ್ಪೊಪ್ಪಿಕೊಂಡರು. ಒಪ್ಪದವರು ರಾಯರು ಮಾತ್ರ.

ಶ್ರೀಶಾಂತ್ ವಿಷಯದಲ್ಲಿ ಅವರು ನೇಣಿಗಿಂತ ಒಂದು ಮೆಟ್ಟಿಲೂ ಕೆಳಗೆ ಇಳಿಯಲಿಲ್ಲ. 2007ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ಮಿಸ್ಬಾ ಎತ್ತಿದ ಚೆಂಡನ್ನು ಹಿಡಿದು ಇಡೀ ದೇಶವನ್ನು ಕುಣಿಸಿದವರು ಇವರೇ ಎಂದು ಯಾರೋ ನೆನಪಿಸಿದರು. ರಾಯರು, “ಚೆಂಡು ತಾನಾಗೇ ಕೈಗೆ ಬಂತು, ಹಿಡಿಯದೆ ಏನು ಮಾಡ್ತಾನೆ” ಎಂದು ಆ ಸಾಕ್ಷ್ಯವನ್ನು ತಳ್ಳಿಹಾಕಿದರು. ಅಸಲಿ ಅಪರಾಧ ಬೇರೆಯೇ ಇತ್ತು. ಶ್ರೀಶಾಂತ್ ಮೈದಾನದಲ್ಲಿ ಕಣ್ಣು ಕೆಕ್ಕರಿಸುತ್ತಿದ್ದರು, ಸಿಕ್ಸರ್ ಹೊಡೆದು ಕುಣಿಯುತ್ತಿದ್ದರು. ಮಾಧ್ವರ ಮನೆಯ ಶಿಸ್ತಿನಲ್ಲಿ ಬೆಳೆದ ರಾಯರಿಗೆ 2013ರ ಮೇ ತಿಂಗಳಲ್ಲಿ ಫಿಕ್ಸಿಂಗ್ ಆರೋಪದ ಮೇಲೆ ಆದ ಬಂಧನ ಕುಣಿತಕ್ಕೆ ತಡವಾಗಿ ಸಿಕ್ಕ ಶಿಕ್ಷೆಯಂತೆ ಕಂಡಿತು.

ಆಗ ಟವೆಲ್ ಪ್ರಸಂಗ ಬಂತು. ಮೊಹಾಲಿಯ ಐಪಿಎಲ್ ಪಂದ್ಯದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟವೆಲ್ಲೇ ಬುಕ್ಕಿಗಳಿಗೆ ಸಂಜ್ಞೆ ಎಂಬುದು ಪೊಲೀಸರ ವಾದ. ಟಿವಿಯವರು ಆ ಟವೆಲ್ಲಿನ ಸುತ್ತ ಕೆಂಪು ವೃತ್ತ ಹಾಕಿ ಹಾಕಿ ತೋರಿಸಿದ್ದೇ ತಡ, ರಾಯರ ಕಣ್ಣಿಗೆ ಊರೆಲ್ಲ ಟವೆಲ್. ನಮ್ಮ ಹೋಟೆಲಿನ ಸಪ್ಲೈಯರ್ ಹುಡುಗ ಸೊಂಟಕ್ಕೊಂದು ಟವೆಲ್ ಸಿಕ್ಕಿಸಿಕೊಂಡೇ ಮೇಜು ಒರೆಸುವವನು. ರಾಯರು ಅವನನ್ನು ಕರೆದು, “ಏನಯ್ಯಾ, ಇದು ಯಾವ ಟೇಬಲ್ಲಿಗೆ ಸಿಗ್ನಲ್ಲು?” ಎಂದರು. ಹುಡುಗ “ಮಸಾಲೆ ಖಾಲಿ ಸಾರ್, ಸೆಟ್ ದೋಸೆ ಇದೆ” ಎಂದ. ತನಿಖೆ ಅಲ್ಲಿಗೆ ನಿಂತಿತು.

2015ರಲ್ಲಿ ದೆಹಲಿಯ ನ್ಯಾಯಾಲಯ ಶ್ರೀಶಾಂತ್ ಅವರನ್ನು ಆರೋಪಮುಕ್ತಗೊಳಿಸಿತು. ರಾಯರು ಬೆರಳೆತ್ತಿ, “ಸಾಕ್ಷಿ ಸಾಲದು ಅಂದರೆ ತಪ್ಪು ಮಾಡಿಲ್ಲ ಅಂತ ಅರ್ಥ ಅಲ್ಲ” ಎಂದರು. ಒಳ್ಳೆಯ ಮಾತೇ. ಆದರೆ 2012ರಲ್ಲಿ ಆಂಧ್ರ ಹೈಕೋರ್ಟ್ ಅಜರ್ ಮೇಲಿನ ನಿಷೇಧ ಕಾನೂನುಬಾಹಿರ ಎಂದಾಗ ಇದೇ ಬೆಂಚಿನಿಂದ “ಕೋರ್ಟೇ ಹೇಳಿದ ಮೇಲೆ ಮುಗೀತು ಕಣ್ರೀ, ಇನ್ಯಾರೂ ತುಟಿ ಬಿಚ್ಚಬಾರದು” ಎಂಬ ಆದೇಶ ಹೊರಟಿತ್ತು. ಎರಡನ್ನೂ ಕೇಳಿದವನು ನಾನು. ಕೆಣಕಿದ್ದಕ್ಕೆ, “ಮಣಿಕಟ್ಟು ನೋಡಿದ್ದೀರಾ ನೀವು ಅಜರದ್ದು?” ಎಂದರು. ಮಣಿಕಟ್ಟಿನ ಮೇಲೆ ಮೇಲ್ಮನವಿ ಎಲ್ಲಿ ಸಲ್ಲಿಸುವುದು?

ಸಿಧು ಮೊಕದ್ದಮೆ ಮಾತ್ರ ರಾಯರನ್ನು ಸುಸ್ತು ಮಾಡಿತು. 1988ರಲ್ಲಿ ಪಟಿಯಾಲಾದ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ ವಿಚಾರಕ್ಕೆ ಜಗಳ, ಒಬ್ಬರ ಸಾವು. 1999ರಲ್ಲಿ ಖುಲಾಸೆ. 2006ರಲ್ಲಿ ಹೈಕೋರ್ಟ್ ಮೂರು ವರ್ಷ ವಿಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಸಾವಿರ ರೂಪಾಯಿ ದಂಡಕ್ಕೆ ಇಳಿಸಿತು. 2022ರಲ್ಲಿ ಅದೇ ಕೋರ್ಟ್ ಮರುಪರಿಶೀಲಿಸಿ ಒಂದು ವರ್ಷ ಜೈಲು ಎಂದಿತು. ರಾಯರ ನಿಲುವುಗಳು ಇದಕ್ಕಿಂತ ಹೆಚ್ಚು ಸಲ ಬದಲಾದವು. 87ರ ವಿಶ್ವಕಪ್ಪಿನಲ್ಲಿ ಸಾಲಾಗಿ ನಾಲ್ಕು ಅರ್ಧಶತಕ ಹೊಡೆದ ಹುಡುಗ ನಿರಪರಾಧಿ. ಕಾಮೆಂಟರಿ ಪೆಟ್ಟಿಗೆಯಲ್ಲಿ ಕೂತು ಶಾಯರಿ ಹೇಳುವವನು ಅನುಮಾನಾಸ್ಪದ. ಟಿವಿಯ ಹಾಸ್ಯ ಕಾರ್ಯಕ್ರಮದಲ್ಲಿ ಗಹಗಹಿಸುವವನಿಗೆ ಆ ನಗುವಿಗೇ ಮೂರು ವರ್ಷ ಕೊಡಬೇಕು. ಆಮೇಲೆ ಪಕ್ಷ ಬದಲಾಯಿಸಿದ. ಬೆಂಚಿನ ಮೇಲೆ ಎರಡೂ ಪಕ್ಷದವರಿದ್ದರು, ಪೀಠ ಒಡೆದು ಭಿನ್ನ ತೀರ್ಪು ಬಂತು. ಕಡೆಗೆ ನಿಜವಾದ ಜೈಲು ಖಾತ್ರಿಯಾದ ದಿನ ರಾಯರು ಕರಗಿದರು: “ವಯಸ್ಸಾಗಿದೆ ಪಾಪ, ಈಗ ಯಾಕೆ?” ಸಿಧುಗೆ ಆಗ 58.

ಸತ್ತವರಿಗೆ 65 ಆಗಿತ್ತು. ಗುರ್ನಾಮ್ ಸಿಂಗ್ ಎಂದು ಹೆಸರು. ಇದನ್ನು ನಾನು ಹೇಳಿದಾಗ ರಾಯರು, “ಓಪನರ್ರಾ?” ಎಂದರು. ವ್ಯಂಗ್ಯಕ್ಕಲ್ಲ, ನಿಜವಾಗಿಯೇ ಕೇಳಿದರು. ಕುಸ್ತಿಯ ಸುಶೀಲ್ ಕುಮಾರ್ 2021ರ ಮೇ ತಿಂಗಳಲ್ಲಿ ಕೊಲೆ ಆರೋಪದ ಮೇಲೆ ಬಂಧಿತರಾದಾಗಲೂ ಅಷ್ಟೇ. ಬೀಜಿಂಗ್‌ನಲ್ಲಿ ಕಂಚು, ಲಂಡನ್‌ನಲ್ಲಿ ಬೆಳ್ಳಿ, ನಡುವೆ ವಿಶ್ವ ಚಾಂಪಿಯನ್: ರಾಯರ ನಾಲಿಗೆಯ ಮೇಲೆ ಎಲ್ಲವೂ ಸಿದ್ಧ. ದೆಹಲಿಯ ಛತ್ರಸಾಲ್ ಕ್ರೀಡಾಂಗಣದಲ್ಲಿ ಪೆಟ್ಟು ತಿಂದು ಸತ್ತ 23 ವರ್ಷದ ಸಾಗರ್ ಧನಖಡ್ ಕೂಡ ಪೈಲ್ವಾನನೇ, ಹಿಂದೆ ಜೂನಿಯರ್ ಚಾಂಪಿಯನ್ ಆಗಿದ್ದವನೇ ಎಂದೆ. “ಯಾರೋ ಒಬ್ಬ ಹುಡುಗ ಅಂತ ಪೇಪರಿನಲ್ಲಿತ್ತು” ಎಂದರು. ಪೇಪರಿನಲ್ಲಿ ಹೆಸರೇ ಇತ್ತು. ಹೆಸರಿನ ಪಕ್ಕದಲ್ಲಿ ಒಲಿಂಪಿಕ್ಸ್ ಇರಲಿಲ್ಲ.

ದೂರದ ಊರಿನ ಮೊಕದ್ದಮೆಗಳೆಲ್ಲ ಹೀಗೆ ಸಾಗುತ್ತಿರುವಾಗ ಒಂದು ಮೊಕದ್ದಮೆ ನಮ್ಮೂರಿಗೇ ಬಂದುಬಿಟ್ಟಿತು. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್ ನಡೆದದ್ದು ಮೈಸೂರಿನಲ್ಲಿ. ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಇಬ್ಬರು ಆಟಗಾರರನ್ನು ಬಂಧಿಸಿದರು. ಆ ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಬೀಸಲು 20 ಲಕ್ಷ ರೂಪಾಯಿಯ ಮಾತಾಗಿತ್ತು ಎಂಬುದು ಆರೋಪ. 2022ರ ಜನವರಿಯಲ್ಲಿ ಹೈಕೋರ್ಟ್ ವಂಚನೆಯ ಕೇಸನ್ನೇ ರದ್ದುಮಾಡಿತು. ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ಕೆಳಗೆ ಬರುವ ಅಪರಾಧವಲ್ಲ, ಪ್ರೇಕ್ಷಕ ತಾನಾಗಿಯೇ ಟಿಕೆಟ್ ಕೊಳ್ಳುತ್ತಾನೆ, ಶಿಸ್ತುಕ್ರಮ ಬೇಕಿದ್ದರೆ ಬಿಸಿಸಿಐ ನೋಡಿಕೊಳ್ಳಲಿ ಎಂದಿತು.

ರಾಯರು ಸಿಡಿದೆದ್ದರು. “ನಾನು ಆ ಫೈನಲ್‌ಗೆ ಹೋಗಿದ್ದೆ ಕಣ್ರೀ! ಮೋಸ ಹೋದವನು ನಾನೇ! ನನ್ನನ್ನು ಕೇಳದೆ ಹೇಗೆ ಕೇಸು ರದ್ದು ಮಾಡ್ತಾರೆ?” ಮೊದಲ ಬಾರಿಗೆ ಅವರು ಮೋಸ ಹೋದವರ ಕಡೆ ನಿಂತಿದ್ದರು, ಆ ಕಡೆ ತಾವೇ ಇದ್ದುದರಿಂದ.

“ಟಿಕೆಟ್ ಎಷ್ಟಾಗಿತ್ತು ಸ್ವಾಮೀ?” ಬೆಂಚಿನ ಆ ತುದಿಯಲ್ಲಿದ್ದ ಲಾಯರು ಕೇಳಿದರು.

“ಭಾವಮೈದುನ ಪಾಸು ಕೊಡಿಸಿದ್ದ. ಆದರೇನು, ಆಟೋದವನಿಗೆ ಕೊಟ್ಟದ್ದು ದುಡ್ಡಲ್ವಾ?”

“ಸರಿ ಹಾಗಾದರೆ. ಸ್ಟೇಷನ್ನಿಗೆ ಹೋಗಿ ಒಂದು ಹೇಳಿಕೆ ಬರೆಸೋಣ. ಯಾವ ಓವರಿನಲ್ಲಿ ಯಾರು ನಿಧಾನ ಆಡಿದರು, ನೀವು ಕಣ್ಣಾರೆ ಕಂಡದ್ದನ್ನು ಹೇಳಿದರೆ ಆಯ್ತು. ನಾನೇ ಕರ್ಕೊಂಡು ಹೋಗ್ತೀನಿ.”

ರಾಯರು ಪತ್ರಿಕೆ ಮಡಚಿದರು, ಚಪ್ಪಲಿ ಮೆಟ್ಟಿದರು.

“ಸ್ಟೇಷನ್ನು, ಸಾಕ್ಷಿ ಎಲ್ಲ ನಮಗ್ಯಾಕೆ ಹೇಳಿ. ನಿಜ ಹೇಳಬೇಕೆಂದರೆ ಊಟ ಜಾಸ್ತಿಯಾಗಿತ್ತು ಅವತ್ತು. ಎರಡನೇ ಇನ್ನಿಂಗ್ಸ್ ಪೂರ್ತಿ ನಿದ್ದೆ.”