ಬಡಾವಣೆ ಸಾಫ್ಟ್‌ಬಾಲ್ ಮೀಮಾಂಸೆ: ಆಟಗಾರ–ಅಭಿಮಾನಿ ಭೇದ ವಿಚಾರ

ಪೀಠಿಕೆ

ಶಿಕಾಗೊ ನಗರದ ಪಾರ್ಕುಗಳಲ್ಲಿ ಬೇಸಿಗೆಯ ಸಂಜೆಗಳಂದು ನಡೆಯುವ ಸಾಫ್ಟ್‌ಬಾಲ್ ಕುರಿತು ಪಂಡಿತಲೋಕ ತಾಳಿರುವ ಮೌನ ಅಕ್ಷಮ್ಯ. ಆಡುವವನು ಬೇರೆ, ನೋಡುವವನು ಬೇರೆ ಎಂಬ ದ್ವೈತಿಗಳ ವಾದ ಇದರಿಂದಾಗಿ ಕೇಳುವವರಿಲ್ಲದೆ ಕೊಬ್ಬಿದೆ. ಇಬ್ಬರೂ ಒಂದೇ, ಕಾಣುವ ಭೇದವೆಲ್ಲ ಕೂತ ಜಾಗದ್ದು ಎಂದು ಸ್ಥಾಪಿಸುವುದೇ ಈ ಗ್ರಂಥದ ಪ್ರಯೋಜನ.

ಉತ್ಪತ್ತಿ ಪ್ರಕರಣ

1887ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಶಿಕಾಗೊದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಹಳೆಯ ವಿದ್ಯಾರ್ಥಿಗಳು ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾದು ಕೂತಿದ್ದರು. ಯೇಲ್ ಗೆದ್ದ ಸುದ್ದಿ ಬಂತು. ಹಿಗ್ಗು ತಡೆಯದ ಯೇಲ್ ಕಡೆಯವನೊಬ್ಬ ಬಾಕ್ಸಿಂಗ್ ಗ್ಲೌಸನ್ನು ಹಾರ್ವರ್ಡ್ ಕಡೆಯವನತ್ತ ಬೀಸಿದ. ಅವನು ಅದನ್ನು ಕೋಲಿನಿಂದ ಬಾರಿಸಿದ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗ್ಲೌಸನ್ನೇ ಬಿಗಿದು ಕಟ್ಟಿ ಚೆಂಡು ಮಾಡಿ, ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಆಟ ಶುರುಮಾಡಿಸಿದ.

ಗಮನಿಸತಕ್ಕದ್ದು: ಆ ಕೋಣೆಯಲ್ಲಿ ಈ ಆಟದ ಆಟಗಾರ ಒಬ್ಬನೂ ಇರಲಿಲ್ಲ. ಇದ್ದವರೆಲ್ಲ ಅಭಿಮಾನಿಗಳು, ಅದೂ ಬೇರೊಂದು ಆಟಕ್ಕೆ. ಕಾರಣದಲ್ಲಿ ಇಲ್ಲದ್ದು ಕಾರ್ಯದಲ್ಲಿ ಬರಲಾರದು. ಆದ್ದರಿಂದ ಇಂದಿನ ಆಟಗಾರನೆಂದರೆ ಎದ್ದು ನಿಂತ ಅಭಿಮಾನಿಯೇ.

ಗಣಿತ ಪ್ರಕರಣ

ತಂಡಕ್ಕೆ ಹತ್ತು ಜನ. ಬ್ಯಾಟಿಂಗ್ ಸರದಿಯಲ್ಲಿ ಒಬ್ಬನ ಕೈಯಲ್ಲಿ ಬ್ಯಾಟು, ಬೇಸುಗಳ ಮೇಲೆ ಹೆಚ್ಚೆಂದರೆ ಮೂವರು. ಉಳಿದ ಆರು ಮಂದಿ ಪ್ರೇಕ್ಷಕರು. ಅವರಲ್ಲಿ ಇಬ್ಬರು ಒಂದನೇ ಮತ್ತು ಮೂರನೇ ಬೇಸಿನ ಪಕ್ಕ ನಿಂತು ‘ಓಡು’, ‘ನಿಲ್ಲು’ ಎಂದು ಕೂಗುತ್ತಾರೆ. ಅಭಿಮಾನಿಯದೇ ಕೆಲಸ, ನಿಯಮದ ಅಪ್ಪಣೆ ಮಾತ್ರ ಹೆಚ್ಚು. ಫೀಲ್ಡಿಂಗ್ ಸರದಿಯಲ್ಲಂತೂ ಚೆಂಡು ಒಬ್ಬನನ್ನು ಬೆನ್ನು ಹತ್ತಿಸಿಕೊಂಡು ಹೋದರೆ ಮಿಕ್ಕವರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ. ಹೀಗೆ ಏಳು ಇನ್ನಿಂಗ್ಸ್.

ಪೂರ್ವಪಕ್ಷ ಮತ್ತು ಸಮಾಧಾನ

ದ್ವೈತಿ ಆಕ್ಷೇಪಿಸಬಹುದು: ಮುರಿಯುವುದು ಆಟಗಾರನ ಬೆರಳಲ್ಲವೆ? ಆಕ್ಷೇಪ ಬಲವಾದದ್ದೇ. ಶಿಕಾಗೊ ಪದ್ಧತಿಯ ಚೆಂಡಿನ ಸುತ್ತಳತೆ 16 ಅಂಗುಲ, ಹೆಚ್ಚೂಕಡಿಮೆ ಚಕ್ಕೋತದ ಗಾತ್ರ. ಅದನ್ನು ಬರಿಗೈಯಲ್ಲೇ ಹಿಡಿಯಬೇಕು. ಸೊಟ್ಟ ಬೆರಳೇ ಹಳೇ ಆಟಗಾರನ ಗುರುತಿನ ಚೀಟಿ. ಪಾರ್ಕ್ ಆಡಳಿತ ಗ್ಲೌಸಿಗೆ ಒಪ್ಪಿಗೆ ಕೊಟ್ಟಾಗ ಅಂಕಣಕಾರ ಮೈಕ್ ರಾಯ್ಕೊ 1977ರಲ್ಲಿ ಕೋರ್ಟು ಹತ್ತಿ, ಬರಿಗೈ ಪಕ್ಷವನ್ನು ಗೆಲ್ಲಿಸಿದರು.

ಸಮಾಧಾನ: ನೋವು ಆಟಗಾರನದು, ಒಪ್ಪೋಣ. ಆದರೆ ಆ ನೋವಿನ ಕಥೆ ಅಭಿಮಾನಿಯ ಸ್ವತ್ತು. ನೋವು ಕೆಲವು ವಾರಗಳಲ್ಲಿ ಮಾಯುತ್ತದೆ, ಕಥೆ ಪ್ರತಿ ಬೇಸಿಗೆ ಬೆಳೆಯುತ್ತದೆ. ಹೆಚ್ಚು ಬಾಳುವುದೇ ಸತ್ಯ.

ಅಧಿಕಾರಿ ಪ್ರಕರಣ

ಓಡಬಲ್ಲವನು, ಹಿಂದೊಮ್ಮೆ ಓಡುತ್ತಿದ್ದವನು, ಓಡುವವರನ್ನು ಬಲ್ಲವನು, ಈ ಮೂವರೂ ಅಧಿಕಾರಿಗಳು. ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ, ಚೆಂಡು ಮೇಲೇರಿ ಇಳಿಯುವಂತೆ ಎಸೆಯಬೇಕೆಂಬ ನಿಯಮವಿರುವುದರಿಂದ, ಹೊಡೆಯಲೋ ಬಿಡಲೋ ಎಂದು ಚಿಂತಿಸಲು ಮಧ್ಯವಯಸ್ಕನಿಗೂ ಪುರುಸೊತ್ತುಂಟು.

ಸಾಧಕನಿಗೆ ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಮೈದಾನಕ್ಕಿಳಿಸಲು ಲೀಗುಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಜನ ತೀರಾ ಸಾಲದಿದ್ದರೆ ಪಂದ್ಯ ಎದುರಾಳಿಯ ಪಾಲು. ಆದುದರಿಂದ ‘ನಾನು ಸುಮ್ಮನೆ ನೋಡೋಕೆ ಬಂದೆ ಮಾರಾಯ’ ಎನ್ನುವವನು ಮೊದಲೇ ಹೆಸರು ಬರೆಸಿ, ಬೂಟನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡೇ ಬರತಕ್ಕದ್ದು. ಕ್ಯಾಪ್ಟನ್ ತಲೆ ಎಣಿಸಿ, ಒಂಬತ್ತಕ್ಕೆ ನಿಂತು, ನಿಧಾನವಾಗಿ ಪ್ರೇಕ್ಷಕರತ್ತ ತಿರುಗುವ ಗಳಿಗೆಯಲ್ಲಿ ಅಭೇದ ಪ್ರತ್ಯಕ್ಷವಾಗುತ್ತದೆ.

ಫಲಶ್ರುತಿ

ಸೋಲಿನ ಅಂತರ ಮಿತಿಮೀರಿದರೆ ಪಂದ್ಯವನ್ನು ಬೇಗ ಮುಗಿಸುವ ಕರುಣೆಯ ನಿಯಮ ಅನೇಕ ಲೀಗುಗಳಲ್ಲಿದೆ. ಹೀನಾಯವಾಗಿ ಸೋತವರು ಹೀಗೆ, ತಮ್ಮ ಟೀ ಶರ್ಟಿನ ಬೆನ್ನಿಗೆ ಹೆಸರು ಅಚ್ಚುಹಾಕಿಸಿದ ಬಾರನ್ನು ಎಲ್ಲರಿಗಿಂತ ಮೊದಲು ಸೇರುತ್ತಾರೆ. ಯಾರು ಹೊಡೆದರು, ಯಾರು ನೋಡಿದರು ಎಂಬ ಮಾಯೆ ಅಲ್ಲಿ ಮೂರನೇ ಲೋಟಕ್ಕೆ ಹರಿಯುತ್ತದೆ.

ಇಷ್ಟಾದರೂ ಹಟ ಬಿಡದ ದ್ವೈತಿಗೆ ಒಂದು ದಾರಿ ಉಳಿದಿದೆ. ಅವನು ಅಂಪೈರ್ ಆಗಲಿ. ಮೈದಾನದಲ್ಲಿ ಆಟಗಾರನೂ ಅಲ್ಲದ, ಅಭಿಮಾನಿಯೂ ಅಲ್ಲದ ಜೀವಿ ಅವನೊಬ್ಬನೇ. ಆದರೆ ಅವನನ್ನು ಬೈಯುವಾಗ ಈ ಇಬ್ಬರೂ ಒಂದೇ ಆಗುವುದರಿಂದ, ಅಲ್ಲಿಯೂ ಗೆಲ್ಲುವುದು ನಮ್ಮ ಸಿದ್ಧಾಂತವೇ.